ಕೇಬಲಣ್ಣನ ನಾಲ್ಕನೇ ಚಾನೆಲ್

ನಮ್ಮ ಚಿಕ್ಕಪ್ಪನನ್ನು ಊರಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ಕೇಬಲಣ್ಣ. ಕೇಬಲ್ ಕೆಲಸ ಬಿಟ್ಟು ನಾಲ್ಕು ವರ್ಷ ಆಯಿತು, ಆದ್ರೂ ಹೆಸರು ಹಾಗೇ ಉಳಿದಿದೆ. ಈ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬ ಸಿಕ್ಕಿತು. ಒಳಗೆ ಹಳೇ ಮಾಡ್ಯುಲೇಟರ್ (ಚಿತ್ರವನ್ನು ಕೇಬಲ್‌ನ ಒಂದು ಚಾನೆಲ್‌ಗೆ ಏರಿಸುವ ಪೆಟ್ಟಿಗೆ), ತುಕ್ಕು ಹಿಡಿದ ಕನೆಕ್ಟರ್‌ಗಳು, ಅರ್ಧ ಸುರುಳಿ ಕಪ್ಪು ವೈರು, ಮತ್ತೆ ಒಂದು ವಿಡಿಯೋ ಕ್ಯಾಸೆಟ್. ಕ್ಯಾಸೆಟ್ ಮೇಲೆ ಚಿಕ್ಕಪ್ಪನ ಕೈಬರಹದಲ್ಲಿ "ಕಬಡ್ಡಿ ಫೈನಲ್, 4ನೇ ಚಾನೆಲ್" ಎಂದು ಬರೆದಿತ್ತು.

ಅದನ್ನು ಹಾಕಿ ನೋಡಲು ಈಗ ಮನೆಯಲ್ಲಿ ವಿಸಿಆರ್ ಇಲ್ಲ. ಆದರೆ ಅದರೊಳಗೆ ಏನಿದೆ ಅಂತ ನನಗೆ ಚೆನ್ನಾಗಿ ಗೊತ್ತು. ಆ ರಾತ್ರಿ ನಾನು ಅಲ್ಲೇ ಇದ್ದೆ, ವೈರು ಹಿಡಿದುಕೊಂಡು. ಅವತ್ತಿನಿಂದ ಇವತ್ತಿನವರೆಗೆ ಕನ್ನಡದಲ್ಲಿ ಆಟ ತೋರಿಸುವ ಟಿವಿ ಹೇಗೆ ಬೆಳೆಯಿತು, ಅದು ಬೆಳೆಯುವಾಗ ನಮ್ಮ ಕೈಗೆ ಏನು ಬಂತು, ಏನು ಹೋಯಿತು ಅನ್ನುವುದು ಆ ಡಬ್ಬ ನೋಡಿದಾಗಿನಿಂದ ತಲೆಯಲ್ಲಿ ತಿರುಗುತ್ತಿದೆ. ಬರೆದು ಬಿಡೋಣ ಅನ್ನಿಸಿತು.

ನಮ್ಮದು ಕೊಪ್ಪದಿಂದ ಸ್ವಲ್ಪ ಒಳಗೆ. ಸುತ್ತ ಗುಡ್ಡ. ದೂರದರ್ಶನದ ಸಿಗ್ನಲ್ ಗುಡ್ಡದ ಆಚೆಗೇ ನಿಂತುಬಿಡುತ್ತಿತ್ತು. ಮನೆಯ ಮಾಡಿನ ಮೇಲೆ ಎಷ್ಟು ಎತ್ತರಕ್ಕೆ ಆಂಟೆನಾ ಏರಿಸಿದರೂ ಚುಕ್ಕಿ ಚುಕ್ಕಿಯೇ. ಅದಕ್ಕೆ ಚಿಕ್ಕಪ್ಪ ಮತ್ತು ಅವರ ಇಬ್ಬರು ಗೆಳೆಯರು ಒಂದು ಕೆಲಸ ಮಾಡಿದರು. ಗುಡ್ಡದ ನೆತ್ತಿಯಲ್ಲಿ ಬಿದಿರಿನ ಗಳ ನೆಟ್ಟು, ಅದಕ್ಕೆ ಆಂಟೆನಾ ಕಟ್ಟಿ, ಅಲ್ಲಿಂದ ಕೆಳಗಿನ ಮನೆಗಳಿಗೆ ಮರದಿಂದ ಮರಕ್ಕೆ ವೈರು ಎಳೆದರು. ಮಳೆಗಾಲದಲ್ಲಿ ಸಿಡಿಲಿಗೆ ಆಂಪ್ಲಿಫೈಯರ್ ಸುಟ್ಟುಹೋಗುತ್ತಿತ್ತು. ಬೇಸಿಗೆಯಲ್ಲಿ ಮಂಗಗಳು ವೈರಿಗೆ ಜೋತುಬಿದ್ದು ಜಾಯಿಂಟ್ ಕಿತ್ತುಹಾಕುತ್ತಿದ್ದವು. ಹೀಗೆ ಶುರುವಾದದ್ದೇ ಆಮೇಲೆ ಡಿಶ್ ಬಂದು, ಪೇಟೆಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಟ್ರೋಲ್ ರೂಂ ಆಗಿ, ಕೇಬಲ್ ಆಯಿತು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಆಮೇಲೆ ನನಗೆ ಒಂದು ವಿಷಯ ತಿಳಿದು ತುಂಬಾ ಖುಷಿಯಾಗಿತ್ತು. ಅಮೆರಿಕದಲ್ಲಿ ಒಂದು ಊರಿನ ತಂಡದ ಆಟವನ್ನು ಆ ಊರಿನವರಿಗೇ ಅಂತ ತೋರಿಸುವ ಟಿವಿ ಬೆಳೆದ ಬಗೆಯೂ ಹೆಚ್ಚುಕಡಿಮೆ ಇದೇ. ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಗುಡ್ಡಗಳಿಲ್ಲ, ಆದರೆ ಎತ್ತರದ ಕಟ್ಟಡಗಳಿವೆ. ಅವು ಸಿಗ್ನಲ್‌ಗೆ ಅಡ್ಡ ನಿಂತು ಮನೆಗಳ ಟಿವಿ ಸರಿಯಾಗಿ ಕಾಣುತ್ತಿರಲಿಲ್ಲ. ಚಾರ್ಲ್ಸ್ ಡೋಲನ್ ಎಂಬವರು ಅಲ್ಲಿ ಕೇಬಲ್ ಎಳೆದರು. 1969ರಲ್ಲಿ ಅದೇ ಕೇಬಲ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದ ಆಟಗಳನ್ನು ತೋರಿಸಲು ಶುರು ಮಾಡಿದರು. ನಿಕ್ಸ್ ತಂಡದ ಬ್ಯಾಸ್ಕೆಟ್‌ಬಾಲ್, ರೇಂಜರ್ಸ್ ತಂಡದ ಐಸ್ ಹಾಕಿ. ಅದೇ ಮುಂದೆ ಎಂಎಸ್‌ಜಿ ನೆಟ್‌ವರ್ಕ್ ಆಯಿತು. ಅಲ್ಲಿ ಕಟ್ಟಡ, ಇಲ್ಲಿ ಗುಡ್ಡ. ಅಡ್ಡ ನಿಂತದ್ದನ್ನು ದಾಟಲು ವೈರು ಎಳೆದವರು, ವೈರು ಕೈಗೆ ಬಂದ ಮೇಲೆ ಹತ್ತಿರದ ಆಟವನ್ನೇ ಅದರಲ್ಲಿ ಹರಿಸಿದರು.

ನಮ್ಮ ಕಡೆ ಆ ಹತ್ತಿರದ ಆಟ ಅಂದರೆ ಕಬಡ್ಡಿ. ಮಲೆನಾಡಿನಲ್ಲಿ ಚಳಿಗಾಲ ಕಳೆಯುತ್ತಿದ್ದಂತೆ ಹೊನಲು ಬೆಳಕಿನ ಪಂದ್ಯಾವಳಿಗಳು ಶುರುವಾಗುತ್ತವೆ. ಗದ್ದೆ ಕೊಯ್ಲಾಗಿರುತ್ತದೆ, ಅಡಿಕೆ ಕೊಯ್ಲಿನ ದುಡ್ಡು ಸ್ವಲ್ಪ ಕೈಯಲ್ಲಿ ಓಡಾಡುತ್ತಿರುತ್ತದೆ. ಹೈಸ್ಕೂಲ್ ಮೈದಾನದಲ್ಲಿ ಮಣ್ಣಿನ ಅಂಕಣ, ನಾಲ್ಕು ಮೂಲೆಗೆ ಕಂಬ, ಹಾಲೋಜನ್ ದೀಪ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಿನ ಜಾವ ನಾಲ್ಕಕ್ಕೆ ಫೈನಲ್.

ಆ ವರ್ಷ ಚಿಕ್ಕಪ್ಪನಿಗೆ ಒಂದು ಯೋಚನೆ ಬಂತು. ಕೇಬಲ್‌ನಲ್ಲಿ ನಾಲ್ಕನೇ ಚಾನೆಲ್ ಅಂತ ಒಂದಿತ್ತು. ಅದರಲ್ಲಿ ವಿಸಿಆರ್ ಹಾಕಿ ಸಿನಿಮಾ ತೋರಿಸುತ್ತಿದ್ದರು, ಗಣಪತಿ ಹಬ್ಬದ ಕಾರ್ಯಕ್ರಮ ತೋರಿಸುತ್ತಿದ್ದರು. ಕಬಡ್ಡಿಯನ್ನೂ ಯಾಕೆ ತೋರಿಸಬಾರದು? ಮದುವೆ ವಿಡಿಯೋ ತೆಗೆಯುವವರನ್ನು ಒಪ್ಪಿಸಿದರು. ಕ್ಯಾಮೆರಾ ಒಂದೇ. ಅದನ್ನು ಇಡಲು ಒಂದು ಪಿಕಪ್ ಗಾಡಿಯ ಹಿಂಭಾಗ. ಮೈದಾನದಿಂದ ಕಂಟ್ರೋಲ್ ರೂಮಿಗೆ ವೈರು ಎಳೆಯಬೇಕಿತ್ತು, ಆ ಕೆಲಸಕ್ಕೆ ನಾವು ಐದಾರು ಹುಡುಗರು. ರಸ್ತೆ ದಾಟುವಲ್ಲಿ ಲಾರಿ ಬಂದರೆ ವೈರನ್ನು ಬಿದಿರು ಕೋಲಿನಲ್ಲಿ ಮೇಲೆತ್ತಿ ಹಿಡಿಯುವುದು ನನ್ನ ಪಾಲಿಗೆ ಬಂದಿತ್ತು.

ವೀಕ್ಷಕ ವಿವರಣೆಗೆ ನಮ್ಮ ಪಿ.ಟಿ. ಮೇಷ್ಟ್ರು. ಅವರು ಮೈಕಿನಲ್ಲಿ ಹೇಳಿದ್ದೇ ಮೈದಾನಕ್ಕೂ ಕೇಳುತ್ತಿತ್ತು, ಟಿವಿಗೂ ಹೋಗುತ್ತಿತ್ತು. "ಬಂದ್ರು ನೋಡಿ ಎಡಗಡೆಯಿಂದ, ಬೋನಸ್ ಗೆರೆ ಹತ್ರ, ಹಿಡಿದ್ರು, ಹಿಡಿದ್ರು, ಬಿಡಲಿಲ್ಲ!" ನಡುನಡುವೆ ಅಡಿಕೆ ಮಂಡಿಯವರ ಹೆಸರು, ಬಟ್ಟೆ ಅಂಗಡಿಯ ಹೆಸರು, ಕಳೆದುಹೋದ ಬೈಕ್ ಕೀ. ತಲಾ ನೂರು ರೂಪಾಯಿ ಕೊಟ್ಟವರ ಹೆಸರು ಗಂಟೆಗೊಮ್ಮೆ ಹೇಳಬೇಕು ಎಂಬುದು ಒಪ್ಪಂದ.

ಮಾರನೇ ದಿನ ಚಿಕ್ಕಪ್ಪ ಬಾಡಿಗೆ ವಸೂಲಿಗೆ ಹೋದಾಗ ಮನೆಮನೆಯಲ್ಲೂ ಹೆಂಗಸರು ಮಾತಾಡಿಸಿದರಂತೆ. ನಮ್ಮ ಕಡೆ ಆಗ ರಾತ್ರಿ ಹೊತ್ತು ಮೈದಾನಕ್ಕೆ ಹೆಂಗಸರು ಬರುತ್ತಿರಲಿಲ್ಲ. ತಮ್ಮ ಮಗ, ತಮ್ಮ ಅಣ್ಣ, ಪಕ್ಕದ ಮನೆಯ ಹುಡುಗ ಆಡುವುದನ್ನು ಅವರು ಮೊದಲ ಸಲ ನೋಡಿದ್ದು ಆ ನಾಲ್ಕನೇ ಚಾನೆಲ್‌ನಲ್ಲಿ. ನನ್ನ ಅಮ್ಮ ಕೂಡ. "ಅಷ್ಟು ಜೋರಾಗಿ ಬೀಳ್ತಾರಾ ಮಾರಾಯ, ಮೊಣಕಾಲು ಏನಾಗ್ಬೇಕು" ಅಂತ ನಾಲ್ಕು ದಿನ ಅದೇ ಮಾತು.

ಈಗ ದೊಡ್ಡ ಟಿವಿಯ ಕಥೆಗೆ ಬರುತ್ತೇನೆ.

ಅದೇ ಕಾಲದಲ್ಲಿ ಕ್ರಿಕೆಟ್ ನಮ್ಮ ಮನೆಗೆ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ದೂರದರ್ಶನದಲ್ಲಿ ಸ್ವಲ್ಪ ಹೊತ್ತು ಇದು, ಸ್ವಲ್ಪ ಹೊತ್ತು ಅದು. 1996ರ ಅಕ್ಟೋಬರ್ 21, ಚಿನ್ನಸ್ವಾಮಿ ಸ್ಟೇಡಿಯಂ, ಟೈಟನ್ ಕಪ್. ಆಸ್ಟ್ರೇಲಿಯಾ ಎದುರು 216 ಬೇಕು. 88 ಹೊಡೆದ ತೆಂಡೂಲ್ಕರ್ ಔಟಾದಾಗ 8 ವಿಕೆಟ್ ಹೋಗಿ 164. ಟಿವಿ ಆಫ್ ಮಾಡಿ ಎದ್ದು ಹೋದವರು ನಮ್ಮ ಮನೆಯಲ್ಲೇ ಇದ್ದರು. ಆಮೇಲೆ ಮೈಸೂರಿನ ಶ್ರೀನಾಥ್, ಬೆಂಗಳೂರಿನ ಕುಂಬ್ಳೆ ಸೇರಿ 52 ರನ್ ಕೂಡಿಸಿ ಗೆಲ್ಲಿಸಿದರು. ಅವತ್ತಿನ ತಂಡದಲ್ಲಿ ಅರ್ಧದಷ್ಟು ನಮ್ಮ ರಾಜ್ಯದವರೇ. ಆಟಗಾರರು ಅಂಗಳದ ನಡುವೆ ನಿಂತು ಮಾತಾಡಿಕೊಂಡದ್ದು ಕನ್ನಡ. ಕುಂಬ್ಳೆಯವರ ತಾಯಿ ಸ್ಟ್ಯಾಂಡಿನಲ್ಲಿ ಕೂತು ನೋಡುತ್ತಿದ್ದರು. ಆಟ ಕನ್ನಡ ನೆಲದಲ್ಲಿ, ಆಡಿದವರು ಕನ್ನಡಿಗರು, ನೋಡಿದವರು ನಾವು. ಅದನ್ನು ನಮಗೆ ಹೇಳಿದ ಮಾತು ಮಾತ್ರ ಕನ್ನಡ ಅಲ್ಲ. ಆಗ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಟಿವಿ ಅಂದರೆ ಹಾಗೇ ಅಂದುಕೊಂಡಿದ್ದೆವು.

ಕನ್ನಡದಲ್ಲಿ ವೀಕ್ಷಕ ವಿವರಣೆ ಎಂಬ ಮಾತೇನೂ ಹೊಸದಲ್ಲ. ರೇಡಿಯೋದಲ್ಲಿ ದಸರಾ ಜಂಬೂ ಸವಾರಿಯ ವಿವರಣೆ ಕೇಳಿ ಬೆಳೆದವರು ನಾವು. ಆನೆ ಎಲ್ಲಿಗೆ ಬಂತು, ಯಾವ ಬಣ್ಣದ ಜೂಲು, ಹಿಂದೆ ಯಾರು, ಎಲ್ಲವನ್ನೂ ಕಿವಿಯಲ್ಲೇ ನೋಡುತ್ತಿದ್ದೆವು. ಅಂದರೆ ಭಾಷೆಗೆ ಶಕ್ತಿ ಇತ್ತು. ದಾರಿ ಇರಲಿಲ್ಲ.

1995ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಗಾಳಿಯಲ್ಲಿ ಹರಿಯುವ ತರಂಗ ಸಾರ್ವಜನಿಕರ ಸ್ವತ್ತು, ಸರ್ಕಾರ ಒಂದೇ ಅದನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ. ಆ ಜಗಳ ಶುರುವಾದದ್ದೇ ಕ್ರಿಕೆಟ್‌ನಿಂದ, 1993ರ ಹೀರೋ ಕಪ್ ಯಾರು ತೋರಿಸಬೇಕು ಅನ್ನುವುದರಿಂದ. ಆಮೇಲೆ ಖಾಸಗಿ ಕ್ರೀಡಾ ಚಾನೆಲ್‌ಗಳು ಒಂದೊಂದೇ ಬಂದವು. ಚಿಕ್ಕಪ್ಪನ ಕಂಟ್ರೋಲ್ ರೂಮಿನಲ್ಲಿ ಡಿಕೋಡರ್ ಡಬ್ಬಗಳು ಜಾಸ್ತಿಯಾದವು, ಬಾಡಿಗೆಯೂ ಜಾಸ್ತಿಯಾಯಿತು. ಭಾಷೆ ಮಾತ್ರ ಇಂಗ್ಲಿಷ್, ಹಿಂದಿ. ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹೀಗೇ.

ಬದಲಾವಣೆ ತಂದದ್ದು ದುಡ್ಡಿನ ಲೆಕ್ಕ. ಇದನ್ನು ಹೇಳಲು ನನಗೆ ಮುಜುಗರವಿಲ್ಲ. ಭಾಷೆಯ ಮೇಲಿನ ಪ್ರೀತಿಯಿಂದ ಯಾರೂ ಚಾನೆಲ್ ತೆರೆಯಲಿಲ್ಲ. 2017ರಲ್ಲಿ ಸ್ಟಾರ್ ಸಂಸ್ಥೆ ಐಪಿಎಲ್‌ನ ಐದು ವರ್ಷದ ಹಕ್ಕನ್ನು 16,347.5 ಕೋಟಿ ರೂಪಾಯಿಗೆ ತೆಗೆದುಕೊಂಡಿತು. ಅಷ್ಟು ದುಡ್ಡು ಹಾಕಿದ ಮೇಲೆ ಇಂಗ್ಲಿಷ್, ಹಿಂದಿ ಬಲ್ಲವರಿಗೆ ಮಾತ್ರ ತೋರಿಸಿದರೆ ಆ ಲೆಕ್ಕ ಕೂಡುವುದಿಲ್ಲ. ಊರೂರಿನ ಮನೆಯ ಎಲ್ಲರೂ ಕೂತು ನೋಡಬೇಕು. ಹಾಗಾಗಿ 2018ರ ಐಪಿಎಲ್ ಆರು ಭಾಷೆಗಳಲ್ಲಿ ಬಂತು. ಕನ್ನಡದ್ದು ಸುವರ್ಣ ಪ್ಲಸ್‌ನಲ್ಲಿ. ಅದೇ ವರ್ಷದ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಎಂಬ ಪ್ರತ್ಯೇಕ ಚಾನೆಲ್ಲೇ ಬಂತು.

ತಮಿಳಿಗೆ ಅದು 2017ರಲ್ಲೇ ಬಂದಿತ್ತು. ನನಗೆ ಇದು ಗಮನಿಸಬೇಕಾದ ವಿಷಯ ಅನ್ನಿಸುತ್ತದೆ. ಅವರಲ್ಲಿ 2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಶುರುವಾಗಿ, ಜಿಲ್ಲೆ ಜಿಲ್ಲೆಯ ತಂಡಗಳು, ದಿಂಡಿಗಲ್ಲು, ತಿರುನೆಲ್ವೇಲಿಯಂಥ ಕಡೆ ಆಟ, ಅದಾದ ಮೇಲೆ ಚಾನೆಲ್. ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್ ಇನ್ನೂ ಮೊದಲು, 2009ರಲ್ಲೇ ಶುರುವಾಗಿತ್ತು. ಆದರೆ ಕನ್ನಡ ಚಾನೆಲ್ ಬಂದು ಒಂದು ವರ್ಷ ಆಗುವಷ್ಟರಲ್ಲಿ ಆ ಲೀಗ್ ಫಿಕ್ಸಿಂಗ್ ಪ್ರಕರಣದಲ್ಲಿ ಸಿಕ್ಕಿಹಾಕಿಕೊಂಡು ನಿಂತೇಹೋಯಿತು. ಮಹಾರಾಜ ಟ್ರೋಫಿ ಹೆಸರಲ್ಲಿ ಮತ್ತೆ ಶುರುವಾದದ್ದು 2022ರಲ್ಲಿ. ಮೊದಲು ಆಟ ಇದ್ದಾಗ ಚಾನೆಲ್ ಇರಲಿಲ್ಲ, ಚಾನೆಲ್ ಬಂದ ಮೇಲೆ ಕೆಲವು ವರ್ಷ ನಮ್ಮದೇ ಆಟ ಇರಲಿಲ್ಲ. ಇದು ನನಗೆ ಈಗಲೂ ಬೇಜಾರು.

ಆದ್ರೂ ಮೊದಲ ಸಲ ಕನ್ನಡದಲ್ಲಿ ಕೇಳಿದಾಗಿನ ಖುಷಿಯನ್ನು ನಾನು ಮರೆಯುವುದಿಲ್ಲ. 1999ರಲ್ಲಿ ನೈರೋಬಿಯಲ್ಲಿ ಭಾರತಕ್ಕೆ ಆಡಿದ ಮೊದಲ ಸರಣಿಯಲ್ಲೇ ಸರಣಿ ಶ್ರೇಷ್ಠರಾದ ವಿಜಯ್ ಭಾರದ್ವಾಜ್ ಅವರ ಧ್ವನಿ, ನಮ್ಮದೇ ಭಾಷೆಯಲ್ಲಿ, ಫೀಲ್ಡ್ ಹೀಗೆ ಯಾಕೆ ನಿಲ್ಲಿಸಿದ್ದಾರೆ ಅಂತ ನಿಧಾನವಾಗಿ ಬಿಡಿಸಿ ಹೇಳುತ್ತಿತ್ತು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಮೂವತ್ತು ವರ್ಷ ನಮಗೆ ಮ್ಯಾಚಿನ ನಡುವೆ ಕಾಫಿ ಕೊಟ್ಟವರು, ಒಂದು ಓವರಿಗೆ ಆರೇ ಬಾಲ್ ಅಂತ ಮಾತ್ರ ಗೊತ್ತಿದ್ದವರು, ಅವತ್ತು ಕೂತು "ಈ ಲೆಗ್ ಸೈಡ್ ಅಂದ್ರೆ ಕಾಲಿರೋ ಕಡೆನಾ?" ಅಂತ ಕೇಳಿದರು. ಹೌದಮ್ಮ, ಕಾಲಿರೋ ಕಡೆ. ಇಷ್ಟು ವರ್ಷ ನಾವು ಯಾರೂ ಅದನ್ನು ಅವರಿಗೆ ಹೇಳಿರಲೇ ಇಲ್ಲ.

ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು ನನಗೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಕೊಹ್ಲಿ ಆ ಚೆಂಡನ್ನು ಲಾಂಗ್ ಆನ್ ಕಡೆಗೆ ಬಾರಿಸಿದರು" ಅಂತ ಪೂರ್ತಿ ಹೇಳುವಷ್ಟರಲ್ಲಿ ಚೆಂಡು ಗೆರೆ ದಾಟಿ, ಹುಡುಗ ಅದನ್ನು ಎತ್ತಿ ಎಸೆದೂ ಆಗಿರುತ್ತದೆ. ಅದಕ್ಕೇ ಮೈಕ್ ಹಿಡಿದವರು ವಾಕ್ಯವನ್ನು ತಿರುಗಿಸುತ್ತಾರೆ. "ಬಾರಿಸಿದ್ರು! ಲಾಂಗ್ ಆನ್ ಮೇಲಿಂದ, ದೂರ, ಇನ್ನೂ ದೂರ..." ಕ್ರಿಯಾಪದ ಮುಂದೆ ಓಡಿ ಬರುತ್ತದೆ, ಉಳಿದದ್ದು ಹಿಂದೆ ಬರುತ್ತದೆ. ನಮ್ಮ ಪಿ.ಟಿ. ಮೇಷ್ಟ್ರು ಯಾರಿಂದಲೂ ಕಲಿಯದೆ ಕಬಡ್ಡಿ ಅಂಕಣದಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಕಂಬಳದ ಮೈಕಿನಲ್ಲಿ, ಕುಸ್ತಿ ಅಖಾಡದಲ್ಲಿ ಕೇಳಿ ನೋಡಿ, ಅಲ್ಲೂ ಹೀಗೇ. ಆಟದ ಕನ್ನಡ ಒಂದು ಬೇರೆಯೇ ಕನ್ನಡ, ಅದು ಮೈದಾನಗಳಲ್ಲಿ ಮೊದಲಿನಿಂದ ಇತ್ತು.

ಪದಗಳ ವಿಷಯದಲ್ಲೂ ಹಾಗೇ. ಪೇಪರಿನವರು ವರ್ಷಗಟ್ಟಲೆ "ದಾಂಡಿಗ", "ಹುದ್ದರಿ", "ಎಸೆತ" ಅಂತ ಬರೆದಿದ್ದಾರೆ. ಎಸೆತ ಉಳಿಯಿತು, ಹುದ್ದರಿ ಬಾಯಿಗೆ ಹತ್ತಲಿಲ್ಲ. ಟಿವಿಯಲ್ಲಿ ವಿಕೆಟ್‌ಗೆ ವಿಕೆಟ್ ಅಂತಲೇ ಹೇಳುತ್ತಾರೆ, ಅದೇ ಸರಿ. ನನ್ನ ತಕರಾರು ಬೇರೆ. ಕೆಲವೊಮ್ಮೆ ಸಿನಿಮಾ ಡೈಲಾಗು, ಪ್ರಾಸ, ಕೂಗು ಜಾಸ್ತಿಯಾಗುತ್ತದೆ. ಒಂದು ಫೋರ್ ಹೋದರೆ ಇಬ್ಬರು ಒಟ್ಟಿಗೆ ಕೂಗುತ್ತಾರೆ, ಬ್ಯಾಟಿಗೆ ಬಡಿದ ಶಬ್ದವೇ ಕೇಳುವುದಿಲ್ಲ. ಕನ್ನಡದಲ್ಲಿ ಮೆಲ್ಲಗೆ ಹೇಳಿದರೂ ಜನ ಕೇಳುತ್ತಾರೆ. ಭಾರದ್ವಾಜ್, ಭರತ್ ಚಿಪ್ಲಿ ಇಂಥ ಮಾಜಿ ಆಟಗಾರರು ಆಟ ಬಿಡಿಸಿ ಹೇಳುವಾಗ ಮನೆಯಲ್ಲಿ ಎಲ್ಲರೂ ಸುಮ್ನೆ ಕೂತು ಕೇಳುವುದನ್ನು ನಾನು ನೋಡಿದ್ದೇನೆ. ಮತ್ತೆ ಕೇಳುವ ಕನ್ನಡ ಹೆಚ್ಚಾಗಿ ಬೆಂಗಳೂರಿನ ಕಡೆಯದ್ದು. ಧಾರವಾಡದ ಮಾತು, ಕುಂದಾಪುರದ ಮಾತು, ಕಲಬುರಗಿಯ ಮಾತು ಅಲ್ಲಿ ಇನ್ನೂ ಜಾಸ್ತಿ ಕೇಳಬೇಕು ಅಂತ ನನ್ನ ಆಸೆ.

2019ರ ಜನವರಿ 5. ಚಾನೆಲ್ ಶುರುವಾದ ಹೊಸತು. ಪ್ರೊ ಕಬಡ್ಡಿ ಫೈನಲ್, ಬೆಂಗಳೂರು ಬುಲ್ಸ್ ಮತ್ತು ಗುಜರಾತ್. ಅರ್ಧ ಆಟದವರೆಗೆ ನಮ್ಮವರು ಹಿಂದೆ. ಆಮೇಲೆ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು, 38-33ರಲ್ಲಿ ಗೆದ್ದೆವು. ಕೋಚ್ ನಮ್ಮ ರಾಜ್ಯದ ಬಿ.ಸಿ. ರಮೇಶ್. ಅವತ್ತು ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಇಪ್ಪತ್ತು ಜನ ಇದ್ದೆವು. ಪಿ.ಟಿ. ಮೇಷ್ಟ್ರೂ ಬಂದಿದ್ದರು, ರಿಟೈರ್ ಆಗಿ ಆಗಲೇ ಬಹಳ ವರ್ಷ. ಮ್ಯಾಟು, ಬಣ್ಣದ ದೀಪ, ಹತ್ತಾರು ಕ್ಯಾಮೆರಾ, ಎಲ್ಲವನ್ನೂ ನೋಡುತ್ತಾ ಮೇಷ್ಟ್ರು ಹೇಳಿದ್ದು ಒಂದೇ ಮಾತು. "ಇದೇ ಅಲ್ವೇನೋ ನಾವು ಮಾಡ್ತಿದ್ದದ್ದು." ಚಿಕ್ಕಪ್ಪ ಹೌದು ಅಂದರು. ಅವರ ಮುಖದಲ್ಲಿ ಖುಷಿ ಇತ್ತು, ಆದರೆ ಬರೀ ಖುಷಿ ಅಲ್ಲ ಅನ್ನುವುದು ನನಗೆ ಕಾಣುತ್ತಿತ್ತು.

ಯಾಕೆಂದರೆ ಅಷ್ಟರಲ್ಲಿ ನಾಲ್ಕನೇ ಚಾನೆಲ್ ಸತ್ತುಹೋಗಿತ್ತು.

ಇದು ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಹಳೇ ಕೇಬಲ್‌ನಲ್ಲಿ ಡಿಶ್, ಮಾಡ್ಯುಲೇಟರ್ ಎಲ್ಲ ಊರಿನ ಆಪರೇಟರ್ ಹತ್ತಿರವೇ ಇರುತ್ತಿತ್ತು. ಯಾವ ಚಾನೆಲ್ ಎಲ್ಲಿ ಬರಬೇಕು, ಊರಿನ ಕಬಡ್ಡಿ ಯಾವುದರಲ್ಲಿ ಹಾಕಬೇಕು ಅನ್ನುವುದು ಅವನ ಕೈಯಲ್ಲಿ. ಆಮೇಲೆ ದೇಶದಲ್ಲೆಲ್ಲ ಕೇಬಲ್ ಡಿಜಿಟಲ್ ಆಗಬೇಕು, ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬೇಕು ಅಂತ ಕಾನೂನು ಬಂತು. ದೊಡ್ಡ ಊರುಗಳಿಂದ ಶುರುವಾಗಿ, ಹಳ್ಳಿಗಳ ಕಡೆಗೆ ಕೊನೆಯ ಗಡುವು 2017ರ ಮಾರ್ಚ್ 31. ಚಿತ್ರ ಚೊಕ್ಕ ಆಯಿತು, ಚಾನೆಲ್‌ಗಳು ಜಾಸ್ತಿಯಾದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಜಿಟಲ್ ಹೆಡ್‌ಎಂಡ್, ಅಂದರೆ ಚಾನೆಲ್‌ಗಳನ್ನೆಲ್ಲ ಹಿಡಿದು ಕೇಬಲ್‌ಗೆ ಬಿಡುವ ಯಂತ್ರಗಳನ್ನು ಹಾಕುವ ದುಡ್ಡು ಊರಿನ ಆಪರೇಟರ್ ಹತ್ತಿರ ಎಲ್ಲಿಂದ ಬರಬೇಕು? ದೊಡ್ಡ ಕಂಪನಿಯ ಫೈಬರ್‌ನಲ್ಲಿ ದೂರದ ನಗರದಿಂದ ಸಿಗ್ನಲ್ ಬರಲು ಶುರುವಾಯಿತು. ಚಿಕ್ಕಪ್ಪನ ಕೆಲಸ ಅದನ್ನು ಮನೆಗಳಿಗೆ ಹಂಚುವುದು, ದುಡ್ಡು ವಸೂಲಿ ಮಾಡುವುದು, ಮಳೆಯಲ್ಲಿ ಜಾಯಿಂಟ್ ಸರಿ ಮಾಡುವುದು, ಅಷ್ಟೇ. ಊರಿನ ಮೈದಾನದಿಂದ ವೈರು ಎಳೆದು ತಂದರೆ ಅದನ್ನು ಚುಚ್ಚಲು ಜಾಗವೇ ಇರಲಿಲ್ಲ.

ಅಂದರೆ ಎರಡು ವರ್ಷದೊಳಗಿನ ಅಂತರದಲ್ಲಿ ಎರಡೂ ಆದವು. ಊರಿನ ಚಾನೆಲ್ ಹೋಯಿತು, ಕನ್ನಡದ ಕ್ರೀಡಾ ಚಾನೆಲ್ ಬಂತು. ಒಂದರಲ್ಲಿ ಆಟ ನಮ್ಮ ಊರಿನದ್ದು. ಇನ್ನೊಂದರಲ್ಲಿ ಆಟ ಜಗತ್ತಿನದ್ದು, ಮಾತು ನಮ್ಮದು. ಎರಡನ್ನೂ ನಾವು "ಪ್ರಾದೇಶಿಕ" ಅಂತಲೇ ಕರೆಯುತ್ತೇವೆ. ನಾನು ಈ ಬರಹ ಬರೆಯಲು ಕೂತದ್ದೇ ಇದನ್ನು ಹೇಳಲು. ಭಾಷೆ ಬಂದದ್ದು ದೊಡ್ಡ ವಿಷಯ, ಅದಕ್ಕಾಗಿ ನಾನು ಖುಷಿಪಟ್ಟಿದ್ದೇನೆ, ಈಗಲೂ ಪಡುತ್ತೇನೆ. ಆದರೆ ಕ್ಯಾಮೆರಾ ನಮ್ಮ ಮೈದಾನಕ್ಕೆ ಬರದಿದ್ದರೆ ಕೆಲಸ ಅರ್ಧವೇ ಆದದ್ದು.

ಅಮೆರಿಕದವರದ್ದು ಇದರ ತಿರುವುಮುರುವು. ಅಲ್ಲಿ ಭಾಷೆಯ ಪ್ರಶ್ನೆ ಇರಲಿಲ್ಲ, ಊರಿನ ತಂಡವೇ ಎಲ್ಲ. ಬೇಸ್‌ಬಾಲ್‌ನಲ್ಲಿ ಒಂದೊಂದು ತಂಡ ಒಂದು ಸೀಸನ್‌ನಲ್ಲಿ 162 ಆಟ ಆಡುತ್ತದೆ. ಆರು ತಿಂಗಳು, ಹೆಚ್ಚುಕಡಿಮೆ ದಿನಾ ಸಂಜೆ. ಒಂದೇ ಊರಿಗೆ ಅಂತ ಒಂದು ಚಾನೆಲ್ ನಡೆಯಲು ಅಷ್ಟು ಸಾಕು. ನಮ್ಮ ಆರ್‌ಸಿಬಿ ಲೀಗ್ ಹಂತದಲ್ಲಿ ಆಡುವುದು 14 ಪಂದ್ಯ, ಅದರಲ್ಲಿ ತವರಿನ ಪಂದ್ಯ 7. ಕರ್ನಾಟಕದ ರಣಜಿ ತಂಡಕ್ಕೆ ಲೀಗ್ ಹಂತದಲ್ಲಿ 7. ಇದನ್ನೇ ನಂಬಿ ಮುನ್ನೂರ ಅರವತ್ತೈದು ದಿನ ಚಾನೆಲ್ ನಡೆಸಲು ಆಗುವುದಿಲ್ಲ. ಕನ್ನಡ ಚಾನೆಲ್ ಎಲ್ಲ ಆಟಕ್ಕೂ ಕನ್ನಡದ ದನಿ ಹಾಕುವ ದಾರಿ ಹಿಡಿದದ್ದು ಇದಕ್ಕೇ. ಅವರ ಕಷ್ಟ ನನಗೆ ಅರ್ಥವಾಗುತ್ತದೆ.

ಚಿಕ್ಕಪ್ಪನ ಮಗಳು, ನನ್ನ ತಂಗಿ, ಮದುವೆಯಾಗಿ ಸ್ಯಾನ್ ಡಿಯಾಗೋದಲ್ಲಿದ್ದಾಳೆ. ಅವಳ ಗಂಡನಿಗೆ ಅಲ್ಲಿನ ಪ್ಯಾಡ್ರಿಸ್ ಬೇಸ್‌ಬಾಲ್ ತಂಡದ ಹುಚ್ಚು. 2023ರ ಮೇ ಕೊನೆಗೆ ಒಂದು ದಿನ ಅವಳು ಫೋನ್ ಮಾಡಿ "ಅಪ್ಪಾ, ಇಲ್ಲಿ ಆಟ ತೋರಿಸೋ ಚಾನೆಲ್ಲೇ ನಿಂತೋಯ್ತು" ಅಂದಳಂತೆ. ಕೇಬಲಣ್ಣನ ಮಗಳಿಗೆ ಅದು ಬೇರೆಯವರಿಗಿಂತ ಜಾಸ್ತಿ ತಾಗಿರಬೇಕು. ಅಲ್ಲಿ ನಡೆದದ್ದು ಇಷ್ಟು. ಊರೂರಿನ ಇಪ್ಪತ್ತಕ್ಕೂ ಹೆಚ್ಚು ಕ್ರೀಡಾ ಚಾನೆಲ್‌ಗಳನ್ನು ಸಿಂಕ್ಲೇರ್ ಎಂಬ ಕಂಪನಿ 2019ರಲ್ಲಿ ಭಾರೀ ಸಾಲ ಮಾಡಿ ಕೊಂಡಿತು. ಆ ಚಾನೆಲ್‌ಗಳ ಆದಾಯದ ಗುಟ್ಟು ಏನು ಅಂದರೆ, ಆಟ ನೋಡಲಿ ಬಿಡಲಿ, ಪ್ರತಿ ಕೇಬಲ್ ಮನೆಯ ತಿಂಗಳ ಬಿಲ್ಲಿನಿಂದ ಒಂದಷ್ಟು ಡಾಲರ್ ಬರುತ್ತಿತ್ತು. ಜನ ಕೇಬಲ್ ಕಿತ್ತುಹಾಕಿ ಇಂಟರ್ನೆಟ್‌ನಲ್ಲಿ ನೋಡಲು ಶುರು ಮಾಡಿದಾಗ ಆ ಹೊಳೆ ಬತ್ತಿತು. ಆ ಚಾನೆಲ್‌ಗಳನ್ನು ನಡೆಸುತ್ತಿದ್ದ, ಸಿಂಕ್ಲೇರ್‌ನದೇ ಡೈಮಂಡ್ ಸ್ಪೋರ್ಟ್ಸ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಪ್ಯಾಡ್ರಿಸ್‌ಗೆ ಕೊಡಬೇಕಾದ ಕಂತು ತಪ್ಪಿತು, ಮೇ 31ರಿಂದ ಬೇಸ್‌ಬಾಲ್ ಲೀಗ್‌ನವರೇ ಆಟ ತೋರಿಸುವ ಕೆಲಸ ವಹಿಸಿಕೊಂಡರು. ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, "ಆಟ ನಿಲ್ಲಲಿಲ್ಲ ಅಲ್ವಾ ಮಗಾ, ಹಾಗಾದ್ರೆ ಸರಿ" ಅಂದರಂತೆ.

ಇಲ್ಲೂ ಬಿಲ್ಲಿನ ಜಗಳ ಕಡಿಮೆ ಇರಲಿಲ್ಲ. 2019ರ ಫೆಬ್ರವರಿಯಿಂದ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಿ ಅಂತ ಟ್ರಾಯ್, ಅಂದರೆ ಫೋನ್, ಕೇಬಲ್‌ಗೆ ನಿಯಮ ಮಾಡುವ ಸರ್ಕಾರಿ ಪ್ರಾಧಿಕಾರ, ಹೊಸ ನಿಯಮ ತಂದಿತು. ಮೊದಲ ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಬೇರೆ. ದುಡ್ಡು ಕೊಟ್ಟು ನೋಡುವ ಪೇ ಚಾನೆಲ್‌ಗೆ ಒಂದೊಂದಕ್ಕೂ ಬೆಲೆ, ಪ್ಯಾಕ್‌ನಲ್ಲಿ ಸೇರಬೇಕಾದರೆ ಆಗ ಅದು 19 ರೂಪಾಯಿ ದಾಟುವಂತಿರಲಿಲ್ಲ. ಚಿಕ್ಕಪ್ಪ ಫಾರಂ ಹಿಡಿದು ಮನೆಮನೆ ತಿರುಗಿದರು. "ಕ್ರಿಕೆಟ್ ಕನ್ನಡದ್ದು ಉಂಟಾ? ಅದೊಂದು ಹಾಕಿ" ಅಂತ ಕೇಳಿದವರಲ್ಲಿ ಅರ್ಧದಷ್ಟು ಹೆಂಗಸರು ಅಂತ ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಆಮೇಲೆ ಮೊಬೈಲ್ ಬಂತು. 2022ರ ಹರಾಜಿನಲ್ಲಿ ಐಪಿಎಲ್ ಐದು ವರ್ಷಕ್ಕೆ ಒಟ್ಟು 48,390 ಕೋಟಿಗೆ ಹೋಯಿತು, ಟಿವಿ ಒಬ್ಬರಿಗೆ, ಇಂಟರ್ನೆಟ್ ಇನ್ನೊಬ್ಬರಿಗೆ. 2023ರಲ್ಲಿ ಜಿಯೋ ಸಿನಿಮಾ ಕನ್ನಡವೂ ಸೇರಿ 12 ಭಾಷೆಗಳಲ್ಲಿ ಪುಕ್ಕಟೆ ತೋರಿಸಿತು. ಪುಕ್ಕಟೆ ಮೊಬೈಲ್‌ನಲ್ಲಿ ಸಿಗುವಾಗ ತಿಂಗಳ ಕೇಬಲ್ ಬಾಡಿಗೆ ಯಾರು ಕೊಡುತ್ತಾರೆ? ಚಿಕ್ಕಪ್ಪ ಅದಕ್ಕೂ ಸ್ವಲ್ಪ ಮೊದಲೇ ತಮ್ಮ ಕನೆಕ್ಷನ್‌ಗಳನ್ನು ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದರು.

ಟಿವಿಗೆ ಬೇಕಾದ ಆಟ ನಮ್ಮಲ್ಲಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೊಡಗಿನ ಕುಟುಂಬಗಳ ಹಾಕಿ ಹಬ್ಬ ತೆಗೆದುಕೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಟ್ಟಿಗೆ ಆಡುತ್ತಾರೆ. ಒಂದು ತಿಂಗಳ ಚಾನೆಲ್ ಅದರಲ್ಲೇ ಇದೆ. ಕರಾವಳಿಯ ಕಂಬಳ ಚಳಿಗಾಲವಿಡೀ ವಾರ ವಾರ ನಡೆಯುತ್ತದೆ, 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂತು. ಮೈಸೂರು ದಸರೆಯ ಕುಸ್ತಿ ಇದೆ. ಉಡುಪಿ, ಮಂಗಳೂರು ಕಡೆಯ ಅಂಡರ್ ಆರ್ಮ್ ಕ್ರಿಕೆಟ್ ನೋಡದವರಿಗೆ ಅದರ ವೇಗ ಹೇಳಿದರೆ ಗೊತ್ತಾಗುವುದಿಲ್ಲ, ನೋಡಲೇಬೇಕು.

ಇವೆಲ್ಲ ಈಗ ಕಾಣುತ್ತಿರುವುದು ಯೂಟ್ಯೂಬ್‌ನಲ್ಲಿ, ಹುಡುಗರ ಕೈಯಲ್ಲಿ. ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಪರದೆಯ ಮೂಲೆಯಲ್ಲಿ ಸ್ಕೋರು, ಕೆಳಗೆ ಪ್ರಾಯೋಜಕರ ಹೆಸರು. ತುಳುವಿನಲ್ಲಿ, ಕುಂದಗನ್ನಡದಲ್ಲಿ ವಿವರಣೆ. ದುಬೈ, ಮಸ್ಕತ್‌ನಲ್ಲಿ ಕೂತವರು ರಾತ್ರಿ ನಿದ್ದೆ ಬಿಟ್ಟು ನೋಡಿ ಕಾಮೆಂಟ್ ಹಾಕುತ್ತಾರೆ, ಊರಿನ ಕ್ಲಬ್ಬಿಗೆ ದುಡ್ಡು ಕಳಿಸುತ್ತಾರೆ. ದೊಡ್ಡ ಚಾನೆಲ್‌ನವರು ವರ್ಷಕ್ಕೆ ಇಂಥ ನಾಲ್ಕು ಆಟವನ್ನಾದರೂ ತಮ್ಮ ಒಳ್ಳೆಯ ಕ್ಯಾಮೆರಾ, ಒಳ್ಳೆಯ ದನಿಯೊಂದಿಗೆ ತೋರಿಸಿದರೆ ಏನೆಲ್ಲ ಆಗಬಹುದು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಪ್ರೊ ಕಬಡ್ಡಿಗೆ ಆದದ್ದೇ ಅಲ್ವಾ? 2014ಕ್ಕೆ ಮೊದಲು ಕಬಡ್ಡಿಯನ್ನು ಟಿವಿಯಲ್ಲಿ ಯಾರು ನೋಡುತ್ತಾರೆ ಅಂತ ಕೇಳುತ್ತಿದ್ದರು.

ಡಬ್ಬ ಸಿಕ್ಕಿದ ದಿನವೇ ಸಂಜೆ ನಮ್ಮ ಹೈಸ್ಕೂಲ್ ಮೈದಾನದಲ್ಲಿ ಪಂದ್ಯಾವಳಿ ಇತ್ತು. ಈಗ ಮಣ್ಣಿನ ಅಂಕಣ ಇಲ್ಲ, ಬಾಡಿಗೆಗೆ ತಂದ ಮ್ಯಾಟು. ಲೈವ್ ಮಾಡಲು ಬಂದ ಹುಡುಗರಿಗೆ ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಮೊಬೈಲ್ ನೆಟ್‌ವರ್ಕ್ ಮೈದಾನದಲ್ಲಿ ಒಂದೇ ಕಡ್ಡಿ ತೋರಿಸುತ್ತಿತ್ತು, ಗುಡ್ಡ ಈಗಲೂ ಅಲ್ಲೇ ಇದೆಯಲ್ಲ. ಚಿತ್ರ ನಿಂತು ನಿಂತು ಹೋಗುತ್ತಿದೆ ಅಂತ ನೋಡುವವರ ಮೆಸೇಜು ಬರುತ್ತಲೇ ಇತ್ತು. ಚಿಕ್ಕಪ್ಪ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಹತ್ತಿರ ಹೋಗಿ ಮೈದಾನದ ಆಚೆಗಿರುವ ಬ್ರಾಡ್‌ಬ್ಯಾಂಡ್ ಇದ್ದ ಮನೆ ತೋರಿಸಿ, "ಅಲ್ಲಿಂದ ವೈರು ಎಳೀರಿ ಮಾರಾಯ್ರ, ಹೇಳಿ ಕೊಡ್ತೇನೆ" ಅಂದರು.

ವೈರು ಮರದಿಂದ ಮರಕ್ಕೆ ಹೋಯಿತು. ರಸ್ತೆ ದಾಟುವಲ್ಲಿ ಒಂದು ಲಾರಿ ಬಂತು. ಚಿಕ್ಕಪ್ಪ ನನ್ನ ಕಡೆ ತಿರುಗಿದರು, ನಾನು ಕೋಲು ಹುಡುಕಲು ಹೋದೆ.